ಕೈ ಮುಗಿದು ‘ಅಮ್ಮಿ’ ಅಂದವಳು

“ನಿಮ್ಮನೆಗೆ ಪೋಲೀಸ್ ಬಂದವ್ರಂತಲ್ಲ, ಏನ್ಲಾ ಮಾಡ್ದೆ?”

ಎದುರುಮನೆ ದೊಡ್ಡಮ್ಮ ನಲ್ಲಿ ಕೆಳಗೆ ಕೊಡ ಇಟ್ಟು ಹೀಗೆ ಕೇಳಿದಾಗ, ಒಂದು ಗಳಿಗೆ ನಾನು ನಿಜವಾಗಲೂ ಯೋಚನೆ ಮಾಡಿದೆ, ಏನು ಮಾಡಿರಬಹುದು ಅಂತ. ಆಮೇಲೆ ಹೊಳೆಯಿತು. ಹಿಂದಿನ ದಿನ ಅಪ್ಪ ಅರಳೀಕಟ್ಟೆಯಲ್ಲಿ ಕೂತು, ನಮ್ಮನೆಗೆ ಪೋಲಿಷ್ ಹುಡುಗಿ ಬರುತ್ತಾಳೆ, ಮೂರು ವಾರ ಇರುತ್ತಾಳೆ ಎಂದು ಜಂಬ ಕೊಚ್ಚಿಕೊಂಡಿದ್ದ. ನಮ್ಮೂರ ಬಾಯಲ್ಲಿ ಶಂಕರನೂ ಸಂಕರನೇ, ಶನಿವಾರವೂ ಸನಿವಾರವೇ. ಅರಳೀಕಟ್ಟೆಯಿಂದ ನಲ್ಲಿಯವರೆಗೆ ಬರುವಷ್ಟರಲ್ಲಿ ಪೋಲಿಷ್ ಹೋಗಿ ಪೋಲೀಸ್ ಆಗಿತ್ತು. ಹುಡುಗಿ ದಾರಿಯಲ್ಲೇ ಎಲ್ಲೋ ಉದುರಿಹೋಗಿದ್ದಳು.

ನಮ್ಮೂರು ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ರಸ್ತೆಯಲ್ಲಿ, ಬೆಳಕವಾಡಿ ಹತ್ತಿರ ಒಳಕ್ಕೆ ತಿರುಗಿದರೆ ಸಿಗುತ್ತದೆ. ಪ್ರವಾಸಿಗರು ಜಲಪಾತ ನೋಡಲು ನಮ್ಮ ಪಕ್ಕದಲ್ಲೇ ಹಾದುಹೋಗುತ್ತಾರೆ, ಇಳಿಯುವುದಿಲ್ಲ. ಇವಳು ಇಳಿದದ್ದಕ್ಕೆ ಕಾರಣ ನನ್ನ ಗೆಳೆಯ. ಮೈಸೂರಿನಲ್ಲಿ ಅವನಿಗೆ ಪರಿಚಯವಾದವಳು, ದೇಶ ಸುತ್ತಲು ಬಂದವಳು, ಹೋಟೆಲ್ ಸಾಕಾಗಿದೆ, ಬೇಸಾಯ ಮಾಡುವವರ ಮನೆಯಲ್ಲಿ ಇರಬೇಕು ಅಂದಳಂತೆ. ಕಾಲೇಜಿನ ದಿನಗಳಲ್ಲಿ ಅರ್ಧ ಊಟ ನಮ್ಮನೆಯಲ್ಲೇ ಉಂಡವನಿಗೆ ಬೇರೆ ಯಾವ ಮನೆ ನೆನಪಾದೀತು?

ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಬಿ.ಕಾಂ.ನಲ್ಲಿ ಎರಡು ವಿಷಯ ಇನ್ನೂ ನನ್ನ ದಾರಿ ಕಾಯುತ್ತಿವೆ. ಮದುವೆ ಮನೆಗಳಲ್ಲಿ, ಆರ್ಕೆಸ್ಟ್ರಾದ ನಡುವೆ ಗಾಯಕರು ನೀರು ಕುಡಿಯುವಾಗ, ನಾನು ಮಿಮಿಕ್ರಿ ಮಾಡುತ್ತೇನೆ. ನನ್ನ ಗಂಟಲಿನಲ್ಲಿ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಇದ್ದಾನೆ, ಹಾಲಿನ ಡೇರಿ ಕಾರ್ಯದರ್ಶಿ ಇದ್ದಾರೆ, ಸ್ಟಾರ್ಟ್ ಆಗದ ಟ್ರ್ಯಾಕ್ಟರ್ ಇದೆ. ಎಲ್ಲರಿಗಿಂತ ಚೆನ್ನಾಗಿ ಬರುವುದು ನಮ್ಮಜ್ಜಿ. ಆದರೆ ಅದನ್ನು ಅಜ್ಜಿ ಇಲ್ಲದಾಗ ಮಾತ್ರ ಮಾಡುತ್ತೇನೆ, ಜೀವದ ಮೇಲೆ ನನಗೂ ಆಸೆ ಇದೆ. ಯಾರಾದರೂ ದಾರಿಯಲ್ಲಿ ಹೋಗುತ್ತ “ಏನಜ್ಜಿ, ಚೆನ್ನಾಗಿದ್ದೀಯಾ?” ಅಂದರೆ, “ಇಲ್ದೆ ಏನ್ ಸತ್ತೋಗಿದ್ದೀನಾ?” ಎಂದು ಕೇಳುವ ಹೆಂಗಸು ಅವಳು.

ಪೋಲೆಂಡಿನ ಹುಡುಗಿ ಬೆನ್ನಿಗೊಂದು ದೊಡ್ಡ ಚೀಲ, ಕೈಗೊಂದು ಸಣ್ಣ ನೋಟ್‌ಬುಕ್ಕು ಹಿಡಿದು ಬಂದಳು. ಕೈ ತೊಳೆಯುವ ಮೊದಲೇ ಪ್ರಶ್ನೆ ಶುರು. ಹೊಸಲಿಗೆ ಅರಿಶಿನ ಯಾಕೆ? ಎಮ್ಮೆಗೆ ಹೆಸರು ಇಲ್ಲವಾ? ನಿಮ್ಮ ಅಪ್ಪ ಬಾಯಿ ತೊಳೆಯುವಾಗ ಯಾಕೆ ಅಷ್ಟು ಶಬ್ದ ಮಾಡುತ್ತಾರೆ? ಕೊನೆಯದಕ್ಕೆ ಇಪ್ಪತ್ತನಾಲ್ಕು ವರ್ಷಗಳಿಂದ ನಾನೂ ಉತ್ತರ ಹುಡುಕುತ್ತಿದ್ದೇನೆ.

ಅವಳ ಮನೆಯವರೂ ರೈತರೇ, ಅವರೂ ಸಕ್ಕರೆ ಕಾರ್ಖಾನೆಗೇ ಬೆಳೆಯುತ್ತಾರೆ ಎಂದು ನಾನು ತರ್ಜುಮೆ ಮಾಡಿದಾಗ ಅಪ್ಪನ ಮುಖ ಅರಳಿತು. “ಯಾವ್ ತಳಿ ಕಬ್ಬು ಕೇಳ್ಲಾ” ಅಂದ. ಕಬ್ಬಲ್ಲ, ಬೀಟ್ರೂಟಿನ ಜಾತಿಯ ಬಿಳಿ ಗೆಡ್ಡೆ ಎಂದು ಅವಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಮೈದಾನದಷ್ಟು ಉದ್ದಕ್ಕೆ ಗೆಡ್ಡೆಯ ರಾಶಿ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, ತೆಗೆದು ನೋಡಿ, “ಈ ಗೆಡ್ಡೇಲಿ ಸಕ್ರೆ ಬಂದ್ರೆ ನಾನ್ ಮೀಸೆ ಬೋಳಿಸ್ತೀನಿ” ಅಂದ. ಅಪ್ಪನಿಗೆ ಮೀಸೆ ಇಲ್ಲ.

ಅವತ್ತು ಸಂಜೆಯೇ ಅವಳು ನನ್ನನ್ನು ಪಕ್ಕಕ್ಕೆ ಕರೆದು ಗಂಭೀರವಾಗಿ ಕೇಳಿದ್ದು ಒಂದು ವಿಷಯ: “ನಿಮ್ಮ ಅಜ್ಜಿಯನ್ನು ಅತ್ಯಂತ ಗೌರವದಿಂದ ಏನೆಂದು ಕರೆಯಬೇಕು?”

ಅವರ ಕಡೆ ಇದು ದೊಡ್ಡ ಸಂಗತಿಯಂತೆ. ಪರಿಚಯವಿಲ್ಲದ ಹಿರಿಯರಿಗೆ ‘ನೀನು’ ಅನ್ನುವ ಹಾಗೇ ಇಲ್ಲ. ಅವರ ಎದುರಿಗೇ ನಿಂತು, ‘ಶ್ರೀಮತಿಯವರು ಚಹಾ ಕುಡಿಯುತ್ತಾರೆಯೇ?’ ಎಂದು ಅವರನ್ನೇ ಬೇರೆ ಯಾರೋ ಎಂಬಂತೆ ಕೇಳಬೇಕಂತೆ. ಚಿಕ್ಕವಳಿದ್ದಾಗ ಒಮ್ಮೆ ತಪ್ಪಿ ಪಕ್ಕದ ಮನೆ ಮುದುಕಿಗೆ ‘ನೀನು’ ಅಂದಿದ್ದಕ್ಕೆ ಅವಳ ತಾಯಿ ಮತ್ತೆ ಅವರ ಮನೆಗೆ ಕಳಿಸಿ ಕ್ಷಮೆ ಕೇಳಿಸಿದ್ದಳಂತೆ.

ನಮ್ಮಲ್ಲಿ ಅಂಥ ಕಷ್ಟ ಇಲ್ಲ. ಅಜ್ಜಿಗೂ ‘ಬಾ’, ಎಮ್ಮೆಗೂ ‘ಬಾ’. ಬೆಂಗಳೂರಿನವರು ಕೇಳಿ ಗಾಬರಿಯಾಗುತ್ತಾರೆ, ಆದರೆ ನಮ್ಮ ಮರ್ಯಾದೆಯೆಲ್ಲ ಇರುವುದು ಕರೆಯುವ ಆ ಒಂದು ಮಾತಿನಲ್ಲಿ. ಅಜ್ಜಿ, ಅವ್ವ, ದೊಡ್ಡಮ್ಮ, ಅತ್ತೆ. ಅದು ಸರಿಯಾಗಿ ಬಿದ್ದರೆ ಮಿಕ್ಕಿದ್ದು ಹೇಗಿದ್ದರೂ ನಡೆಯುತ್ತದೆ. ಅದು ತಪ್ಪಿತೋ, ಮುಗಿಯಿತು.

‘ಅಜ್ಜಿ’ ಅನ್ನು, ಸಾಕು ಎನ್ನಬಹುದಿತ್ತು ನಾನು. ಅವಳು ಪೆನ್ನಿನ ಮುಚ್ಚಳ ತೆಗೆದು, ಕಣ್ಣು ಅಗಲ ಮಾಡಿಕೊಂಡು ಕಾಯುತ್ತಿದ್ದಳು. ಅಂಥ ನಂಬಿಕೆ ಎದುರಿಗೆ ಬಂದು ನಿಂತರೆ ನನ್ನಂಥವನ ನಾಲಿಗೆ ಸುಮ್ಮನಿರುವುದಿಲ್ಲ. “ಅಮ್ಮಿ” ಅಂದೆ. “ತುಂಬಾ ದೊಡ್ಡ ಗೌರವದ ಪದ. ಕೈ ಮುಗಿದು ಹೇಳಬೇಕು.”

ಅಮ್ಮಿ ಅಂದರೆ ನಮ್ಮ ಕಡೆ ಚಿಕ್ಕ ಹುಡುಗಿಯರನ್ನು ಹಿರಿಯರು ಕರೆಯುವ ಮಾತು. ಲಂಗ ಮಣ್ಣು ಮಾಡಿಕೊಂಡು ಬಂದವಳನ್ನು, ಅಂಗಡಿಗೆ ಕಳಿಸಬೇಕಾದವಳನ್ನು, ಜಡೆ ಹಾಕಿಸಿಕೊಳ್ಳದೆ ಓಡುವವಳನ್ನು. ನಮ್ಮಜ್ಜಿಗೆ ಎಪ್ಪತ್ತೈದು ದಾಟಿದೆ.

ಮಾರನೆಯ ಬೆಳಗ್ಗೆ ಅಜ್ಜಿ ಜಗುಲಿ ಮೇಲೆ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಜಾಗ ನೋಡಿ ಕಂಬದ ಹಿಂದೆ ಕೂತೆ. ಪೋಲೆಂಡಿನವಳು ಬಂದು, ಎರಡೂ ಕೈ ಜೋಡಿಸಿ, ದೇವಸ್ಥಾನದ ಗರ್ಭಗುಡಿ ಮುಂದೆ ಬಗ್ಗುವಂತೆ ಬಗ್ಗಿ, ನಾನು ಹೇಳಿಕೊಟ್ಟಿದ್ದನ್ನು ಒಂದಕ್ಷರ ಬಿಡದೆ ಅಂದಳು: “ಅಮ್ಮಿ, ಕಾಪಿ ಕುಡುದ್ಯಾ?”

ಅಪ್ಪನ ಲೋಟ ಬಾಯಿ ಹತ್ತಿರವೇ ನಿಂತಿತು. ಒಳಗಿನಿಂದ ಅವ್ವ ಬಾಗಿಲಿಗೆ ಬಂದಳು. ನಾನು ಕಂಬದ ಹಿಂದಿನಿಂದ ಕತ್ತು ಚಾಚಿದೆ.

ಅಜ್ಜಿಯ ಕೈಯಲ್ಲಿದ್ದ ಕಾಯಿ ಅರ್ಧ ಬಿಚ್ಚಿಕೊಂಡು ಹಾಗೇ ಉಳಿಯಿತು. ತಲೆ ಎತ್ತಿ ಆ ಹುಡುಗಿಯನ್ನು ನೋಡಿದಳು. ಆಮೇಲೆ, “ಊಂ ಕಣವ್ವ, ಕುಡ್ದೆ. ನೀನ್ ಕುಡುದ್ಯಾ?” ಅಂದಳು. ಅಷ್ಟೆ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಮತ್ತೆ ಬೀಳತೊಡಗಿದವು.

ನನ್ನ ಕಲಾಜೀವನದಲ್ಲಿ ಇಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ಪಟಾಕಿಗೆ ಬೆಂಕಿ ಕೊಟ್ಟು ಕಿವಿ ಮುಚ್ಚಿಕೊಂಡು ನಿಂತರೆ ಅದು ಸುಮ್ಮನೆ ಹೊಗೆ ಬಿಟ್ಟಂತೆ ಆಯಿತು. ಅಜ್ಜಿಗೆ ಕಿವಿ ಮಂದ, ಕೇಳಿಸಿಲ್ಲ ಅಂದುಕೊಂಡೆ.

ಕೇಳಿಸಿತ್ತು. ಮಾರನೆಯ ದಿನದಿಂದ ಪೋಲೆಂಡಿನವಳು “ಅಮ್ಮಿ” ಅಂದರೆ ಸಾಕು, ಅಜ್ಜಿ ಎಲ್ಲಿದ್ದರೂ “ಓ” ಅನ್ನುತ್ತಿದ್ದಳು. ನಾವು ಮೂರು ಸಲ ‘ಅಜ್ಜೀ’ ಎಂದು ಕೂಗಿದರೆ ಒಂದು ಸಲ ‘ಏನ್ಲಾ?’ ಅನ್ನುವವಳು. ಇಬ್ಬರೂ ನೆನೆಸಿದ ಅವರೆಕಾಳಿನ ಬಟ್ಟಲಿಟ್ಟುಕೊಂಡು ಕೂರುತ್ತಿದ್ದರು. ಕಾಳನ್ನು ಬೆರಳ ತುದಿಯಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಈಚೆಗೆ ಹಾರಿಸುವ ಕೆಲಸ. ಅಜ್ಜಿಯದು ನೆಟ್ಟಗೆ ಪಾತ್ರೆಗೆ ಬೀಳುತ್ತಿತ್ತು. ಇವಳದು ಒಂದು ಅಪ್ಪನ ಬನಿಯನ್ನಿಗೆ, ಒಂದು ಗೋಡೆಯ ಕ್ಯಾಲೆಂಡರಿಗೆ. “ಅಂಗಲ್ಲ ಕಣಮ್ಮ, ಮೆತ್ಗೆ ಇತುಕು” ಎಂದು ಅಜ್ಜಿ ಅವಳ ಬೆರಳು ಹಿಡಿದು ತಿದ್ದುತ್ತಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ನಲವತ್ತು ಮಾತು. ನಾನು ಇಲ್ಲದಾಗಲೇ ಇಬ್ಬರೂ ಹೆಚ್ಚು ಮಾತಾಡುತ್ತಿದ್ದರು. ದುಭಾಷಿಗೆ ಇದಕ್ಕಿಂತ ಅವಮಾನ ಬೇಕೆ?

ಏನಿದು ಅನ್ನುವ ಕುತೂಹಲ ನನ್ನನ್ನು ಬಿಡಲಿಲ್ಲ. ಒಂದು ಮಧ್ಯಾಹ್ನ ಪೋಲೆಂಡಿನವಳು ತೋಟಕ್ಕೆ ಹೋಗಿದ್ದಳು. ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತು, ಅವಳದೇ ಗಂಟಲಲ್ಲಿ, ‘ಮ್ಮಿ’ ಅನ್ನುವಾಗ ಸ್ವಲ್ಪ ಮೇಲೆ ಎಳೆಯುವ ಅದೇ ರಾಗದಲ್ಲಿ, “ಅಮ್ಮೀ” ಅಂದೆ.

“ಓ, ಬಂದೆ ಕಣವ್ವ” ಎಂದು ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದೇ ಬಂದಳು. ನನ್ನ ಮುಖ ಕಂಡಳು. ನಗುತ್ತಾಳೆ ಅಂದುಕೊಂಡೆ. ಕೈಯಲ್ಲಿದ್ದ ಚೆಂಬು ನನ್ನ ಕಿವಿ ಪಕ್ಕದಲ್ಲೇ ಹಾರಿಹೋಯಿತು.

“ಇನ್ನೊಂದ್ ಕಿತಾ ನಿನ್ ಬಾಯಲ್ಲಿ ಆ ಮಾತ್ ಬಂದ್ರೆ ನಾಲ್ಗೆ ಸೀಳ್ಬುಡ್ತೀನಿ, ನೋಡ್ತಾ ಇರು!”

ಬೈಗುಳ ನನಗೆ ಹೊಸದಲ್ಲ. ಹೊಸದು ಅವಳ ದನಿ. ಅದನ್ನು ನಾನು ಎಂದೂ ಕೇಳಿರಲಿಲ್ಲ, ಹಾಗಾಗಿ ನನ್ನ ಸಂಗ್ರಹದಲ್ಲೂ ಇರಲಿಲ್ಲ.

ಅವ್ವನನ್ನು ಕೇಳಿದೆ. ಅವ್ವ ಸಾರಿಗೆ ಒಗ್ಗರಣೆ ಹಾಕುತ್ತ, ನನ್ನ ಕಡೆ ತಿರುಗದೆ ಹೇಳಿದಳು. “ಬಸ್ರಾಳಲ್ಲಿ ಅವ್ರ ತೌರ್ನಲ್ಲಿ ಎಲ್ರೂ ಕರೀತಿದ್ದುದೇ ಅಂಗೆ. ಅವ್ರಪ್ಪ, ಅವ್ರವ್ವ, ಅಣ್ಣ. ಇಲ್ಲಿಗ್ ಬಂದ್ಮ್ಯಾಲೆ ಸೊಸೆ ಆದ್ರು, ನಿಮ್ಮಪ್ಪಂಗೆ ಅವ್ವ ಆದ್ರು, ನಂಗೆ ಅತ್ತೆ ಆದ್ರು, ನಿಂಗೆ ಅಜ್ಜಿ. ಅವ್ರಣ್ಣ ಒಬ್ರು ಇದ್ರಲ್ಲ, ಪೋನ್ ಮಾಡ್ದಾಗ್ಲೆಲ್ಲ ‘ಏನಮ್ಮಿ’ ಅನ್ನೋರು. ಓದೊರ್ಷ ಅವ್ರೂ ತೀರ್ಕೊಂಡ್ರು. ಇನ್ಯಾರು ಕರೀಬೇಕು?”

ಸಾಸಿವೆ ಸಿಡಿದು ನಿಂತ ಮೇಲೆ ಸೇರಿಸಿದಳು: “ನೀನ್ ಮಾಡಿದ್ ಕ್ಯಾಮೆ ಗೊತ್ತು ನಂಗೆ. ಆ ಮೊಗೀಗೆ ನಿಜ ಏಳ್ಬುಡು. ಊರೋರೆಲ್ಲ ನಗೋ ಅಂಗಾಯ್ತದೆ.”

ಊರವರು ನಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೆಯ ಬೆಳಗ್ಗೆಯೇ ಪೋಲೆಂಡಿನವಳು ನಲ್ಲಿಯ ಹತ್ತಿರ ಎದುರುಮನೆ ದೊಡ್ಡಮ್ಮನಿಗೆ ಬಗ್ಗಿ ಕೈ ಮುಗಿದು, “ಅಮ್ಮಿ, ಚೆನ್ನಾಗಿದ್ಯಾ?” ಅಂದುಬಿಟ್ಟಳು. “ಯಾರ್ಗೆ ಅಮ್ಮಿ ಅಂತದೆ ಇದು? ನನ್ ಗಂಡನೂ ಅಂಗ್ ಕರುದೋನಲ್ಲ!” ಎಂದು ದೊಡ್ಡಮ್ಮ ಕೊಡ ಕುಕ್ಕಿದಳು. ಸಾಲಿನಲ್ಲಿದ್ದವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ಏನಾಯಿತು ಎಂದು ಅವಳು ನನ್ನನ್ನು ಕೇಳಿದಳು. ನೀರು ಸಣ್ಣಗೆ ಬರುತ್ತಿದೆ ಅಂತ ಬೇಜಾರು ಅಂದೆ. ಒಂದು ಸುಳ್ಳು ನಿಲ್ಲಲು ಇನ್ನೊಂದನ್ನು ಊರುಗೋಲು ಮಾಡಿ ಕೊಡಬೇಕಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಅವಳು ನೋಟ್‌ಬುಕ್ಕಿನಲ್ಲಿ ‘ಅಮ್ಮಿ’ಯ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಿದ್ದನ್ನು ನಾನು ಕಂಡೆ.

ಅಂದೇ ಸಂಜೆ ಅಜ್ಜಿ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಅವಳಿಗೂ ಎಲ್ಲ ಗೊತ್ತಿತ್ತು. ಮೊದಲ ದಿನವೇ ಗೊತ್ತಿತ್ತು. “ಏಳ್ಬ್ಯಾಡ ಕಣ್ಲಾ” ಅಂದಳು. “ಇನ್ನೊಂದ್ ವಾರ ಅಲ್ವಾ ಅವ್ಳಿರೋದು.”

ನಮ್ಮಜ್ಜಿ ನನ್ನನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು. ಯಾವಾಗಲೂ ಹೇಳುವವಳು ಅವಳು. ನಾನು ನಿಜ ಹೇಳಿದರೆ ಆ ಹುಡುಗಿ ಆ ಮಾತನ್ನು ಮತ್ತೆ ಬಾಯಿಗೆ ತರುವುದಿಲ್ಲ, ಹಾಗೆ ಬೆಳೆದವಳು. ಹೇಳದಿದ್ದರೆ ಸಿಕ್ಕ ಸಿಕ್ಕ ಮುದುಕಿಯರಿಗೆಲ್ಲ ಕೈ ಮುಗಿದು ಅಮ್ಮಿ ಅನ್ನುತ್ತ, ತಾನು ನಗೆಪಾಟಲಾಗಿದ್ದು ತನಗೇ ಗೊತ್ತಿಲ್ಲದೆ ತನ್ನ ದೇಶಕ್ಕೆ ಹೋಗುತ್ತಾಳೆ.

ಎರಡು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಅವಳೇ ಬಸರಾಳಿನ ದೇವಸ್ಥಾನ ನೋಡಬೇಕು ಅಂದಳು. ಎಲ್ಲೋ ಫೋಟೋ ನೋಡಿದ್ದಳಂತೆ. “ನಾನೂ ಬತ್ತೀನಿ” ಎಂದು ಅಜ್ಜಿ ಕಪಾಟಿನಿಂದ ಹೊಸ ಸೀರೆ ತೆಗೆದಳು. ಅಣ್ಣ ತೀರಿಕೊಂಡ ಮೇಲೆ ತವರಿಗೆ ಹೋಗಿರಲಿಲ್ಲ. ಅಲ್ಲಿ ಅವಳ ಕಡೆಯವರ ಎದುರಿಗೆ ಈ ಹುಡುಗಿ ಕೈ ಮುಗಿದು ನಿಂತರೆ? ಅವ್ವ ನನ್ನ ಮುಖ ನೋಡಿದಳು. ಅವಳ ಹುಬ್ಬೇ ಸಾಕಿತ್ತು.

ಮಳವಳ್ಳಿಯಲ್ಲಿ ಬಸ್ಸು ಹತ್ತಿದೆವು. ಅಜ್ಜಿ ಮುಂದೆ ಕಿಟಕಿ ಪಕ್ಕ, ನಾವಿಬ್ಬರೂ ಮೂರು ಸಾಲು ಹಿಂದೆ. ಭಾರತೀನಗರದ ಸಕ್ಕರೆ ಕಾರ್ಖಾನೆ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಮ್ಮ ಬಸ್ಸು ಸಿಕ್ಕಿಕೊಂಡಿತು. ಅವಳಿಗೆ ಖುಷಿಯೋ ಖುಷಿ. “ನಮ್ಮೂರಲ್ಲೂ ಹೀಗೇ, ಗೆಡ್ಡೆ ತುಂಬಿಕೊಂಡು ಅಪ್ಪ ಸಾಲಿನಲ್ಲಿ ನಿಲ್ಲುತ್ತಾರೆ, ಅಮ್ಮ ಬುತ್ತಿ ಕಳಿಸುತ್ತಾಳೆ” ಎಂದು ಹೇಳುತ್ತಲೇ ಇದ್ದಳು. ಬಸ್ಸು ಅಲುಗಾಡುವಂತಿರಲಿಲ್ಲ. ನನಗೆ ಓಡಿಹೋಗಲು ಜಾಗ ಇರಲಿಲ್ಲ. ಹೇಳಿಬಿಟ್ಟೆ.

ನನ್ನ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಬಹಳ ಉದ್ದವಾಯಿತು. ಅಮ್ಮಿ ಅಂದರೆ ಏನು, ನಾನು ಯಾಕೆ ಹೇಳಿಕೊಟ್ಟೆ, ನಲ್ಲಿಯ ಹತ್ತಿರ ನಿಜಕ್ಕೂ ಏನಾಯಿತು, ಎಲ್ಲ ಹೇಳಿದೆ. ಅಜ್ಜಿಯ ತವರಿನ ಕಥೆಯೊಂದನ್ನು ಬಿಟ್ಟು. ಅದು ನನ್ನ ಕಥೆಯಲ್ಲ ಅನ್ನಿಸಿತು. ಅವಳ ಕಿವಿಯ ತುದಿಯಿಂದ ಶುರುವಾಗಿ ಕತ್ತಿನವರೆಗೆ ಕೆಂಪಾಯಿತು.

“ಎರಡು ವಾರ,” ಅಂದಳು. “ಎರಡು ವಾರ ನಾನು ನಿಮ್ಮ ಅಜ್ಜಿಯನ್ನು ‘ಏ ಹುಡುಗಿ’ ಎಂದು ಕರೆಯುತ್ತಿದ್ದೆ.”

“ಕೈ ಮುಗಿದು,” ಅಂದೆ. ಈ ಬಾಯಿ ಇದೆಯಲ್ಲ.

ಅವಳು ನೋಟ್‌ಬುಕ್ಕು ಮುಚ್ಚಿ ಚೀಲದಲ್ಲಿಟ್ಟಳು. ಮದ್ದೂರಿನಲ್ಲಿ ಬಸ್ಸಿನ ಕಿಟಕಿಗೆ ವಡೆ ಬಂತು, ಬೇಡ ಅಂದಳು. ಮದ್ದೂರಿನಲ್ಲಿ ವಡೆ ಬೇಡ ಅಂದವರನ್ನು ನಾನು ನೋಡಿದ್ದು ಅವತ್ತೇ. ಮಂಡ್ಯದಲ್ಲಿ ಬಸ್ಸು ಬದಲಾಯಿಸುವಾಗ ಅಜ್ಜಿಯ ಚೀಲ ಇಸಿದುಕೊಂಡಳು, ಕೈ ಹಿಡಿದು ಇಳಿಸಿದಳು, ಆದರೆ ಏನೂ ಕರೆಯಲಿಲ್ಲ.

“ಯಾಕ್ಲಾ, ಈ ಮೊಗ ಮಾತೇ ಆಡ್ನಿಲ್ವಲ್ಲ. ಬಸ್ಸು ಇಡಿಸ್ನಿಲ್ವಾ?” ಎಂದ ಅಜ್ಜಿ ನನ್ನ ಕಡೆ ತಿರುಗಿದಳು. ನನ್ನ ಮುಖ ನನಗಿಂತ ಮೊದಲೇ ಒಪ್ಪಿಕೊಂಡಿರಬೇಕು. “ಏಳ್ಬುಟ್ಟಾ?”

“ಊಂ.”

ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಮುಂದಿನ ಬಸ್ಸಿನ ಕಡೆ ನಡೆದಳು. ಬೈದಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಬಸರಾಳಿನ ದೇವಸ್ಥಾನದಲ್ಲಿ ಪೋಲೆಂಡಿನವಳು ಹೊರಗೋಡೆಯ ಕೆತ್ತನೆ ನೋಡುತ್ತ ಮೂಲೆ ಮೂಲೆ ಸುತ್ತಿದಳು. ಮುಗಿದ ಮೇಲೆ ಅಜ್ಜಿಯ ಹತ್ತಿರ ಬಂದು ಬಹಳ ಸ್ಪಷ್ಟವಾಗಿ, ಪ್ರತಿ ಅಕ್ಷರಕ್ಕೂ ಮರ್ಯಾದೆ ಕೊಟ್ಟು ಕೇಳಿದಳು: “ಅಜ್ಜಿ, ನೀರು ಬೇಕಾ?”

“ಬ್ಯಾಡ” ಅಂದಳು ಅಜ್ಜಿ.

ತವರುಮನೆಯಲ್ಲಿ ಈಗ ಇರುವುದು ಅಣ್ಣನ ಮಗ, ಅವನ ಹೆಂಡತಿ. “ಬಾ ಅತ್ತೆ, ಎಷ್ಟ್ ದಿನ ಆಯ್ತು ಅತ್ತೆ” ಎಂದು ಉಪಚಾರ ಮಾಡಿದರು. ಊಟವಾದ ಮೇಲೆ ಅಜ್ಜಿ ಎದ್ದು, ಯಾರನ್ನೂ ಕೇಳದೆ ಹಿತ್ತಲಿಗೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು. ಅಲ್ಲೊಂದು ಹುಣಸೆ ಮರ, ಅದರ ಬುಡದಲ್ಲಿ ಅರ್ಧ ಹೂತುಹೋದ ಒಗೆಯುವ ಕಲ್ಲು. ಅಜ್ಜಿ ಅದರ ಮೇಲೆ ಕೂತಳು.

“ನಾನ್ ಏಳಿದ್ದ ಅವ್ಳಿಗೆ ಏಳು” ಅಂದಳು ನನಗೆ. “ನಿನ್ ನಾಟ್ಕ ಬ್ಯಾಡ. ಏಳಿದಂಗೇ ಏಳು.”

ನಾನು ನಿಂತುಕೊಂಡು ತರ್ಜುಮೆ ಮಾಡಿದೆ. ಈ ಮರ ಹತ್ತಿದರೆ ಅಣ್ಣ ಕೆಳಗಿನಿಂದ ‘ಅಮ್ಮಿ, ಬಿದ್ದೀಯೆ, ಇಳಿ’ ಎಂದು ಕೂಗುತ್ತಿದ್ದ. ಅವಳವ್ವ ಒಲೆ ಮುಂದಿನಿಂದ ಅಮ್ಮಿ ಅನ್ನುತ್ತಿದ್ದಳು. ಅವಳಪ್ಪ ಸಂತೆಯಿಂದ ಬಂದರೆ ಬಾಗಿಲಿನಿಂದಲೇ ಅಮ್ಮಿ. ಈ ಊರಿನಲ್ಲಿ ಅವಳಿಗೆ ಇನ್ನೊಂದು ಹೆಸರೇ ಇರಲಿಲ್ಲ. ಅಷ್ಟೇ ಹೇಳಿದಳು ಅಜ್ಜಿ, ಒಂದು ವಿಶೇಷಣವಿಲ್ಲದೆ. ನಾನೂ ಅಷ್ಟೇ ಹೇಳಿದೆ, ಯಾರ ಗಂಟಲನ್ನೂ ಸಾಲ ತೆಗೆದುಕೊಳ್ಳದೆ. ನನ್ನ ಸ್ವಂತ ದನಿ ಇಷ್ಟು ತೆಳ್ಳಗಿದೆ ಎಂದು ನನಗೇ ತಿಳಿದಿರಲಿಲ್ಲ.

ಪೋಲೆಂಡಿನವಳು ಒಗೆಯುವ ಕಲ್ಲಿನ ಪಕ್ಕ ನೆಲದ ಮೇಲೇ ಕೂತಳು. ಆಮೇಲೆ ನನಗೆ ಅಂದಳು: “ಅವರನ್ನು ಕೇಳು. ನಾನು ಹಾಗೆ ಕರೆದರೆ ತಪ್ಪಾಗುತ್ತದಾ?”

ಕೇಳಿದೆ. ಅಜ್ಜಿ ಹುಣಸೆ ಮರದ ಕೊಂಬೆ ನೋಡಿದಳು, ಸೂರ್ಯನನ್ನು ನೋಡಿದಳು, ನನ್ನನ್ನು ನೋಡಿದಳು. “ಒತ್ತಾಯ್ತು ನಡೀರ್ಲಾ, ಬಸ್ ಓಯ್ತದೆ” ಎಂದು ಎದ್ದಳು.

“ಏನಂದರು?” ಎಂದು ಹುಡುಗಿ ಕೇಳಿದಳು.

“ಹೊತ್ತಾಯಿತಂತೆ. ಬಸ್ಸು ಹೋಗುತ್ತದಂತೆ.”

ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ, ಇಪ್ಪತ್ತನಾಲ್ಕು ವರ್ಷ ಅದೇ ಹೆಂಗಸಿನ ಜೊತೆ ಇದ್ದರೂ.

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಂಡ್ಯದ ಬಸ್ಸು ಬಂದು ನಿಂತಿತ್ತು. ಕಾಲೇಜು ಹುಡುಗರು, ಬುಟ್ಟಿ ಹೊತ್ತ ಹೆಂಗಸರು, ಎಲ್ಲರೂ ಒಂದೇ ಬಾಗಿಲಿಗೆ. ಪೋಲೆಂಡಿನವಳು ಎರಡು ವಾರದಲ್ಲಿ ನಮ್ಮ ಬಸ್ಸುಗಳ ವಿದ್ಯೆ ಕಲಿತಿದ್ದಳು. ನಾನು ನೋಡುತ್ತಿದ್ದಂತೆ ಮೊಣಕೈ ಮುಂದೆ ಮಾಡಿ ಗುಂಪಿನಲ್ಲಿ ನುಗ್ಗಿ ಮಾಯವಾದಳು. ಅಜ್ಜಿ ಇನ್ನೂ ರಸ್ತೆಯ ಈಚೆ ನನ್ನ ಪಕ್ಕದಲ್ಲೇ ಇದ್ದಳು, ಮೊಣಕಾಲು ಹಿಡಿದುಕೊಂಡು, ತವರಿನವರು ಕೊಟ್ಟ ತೆಂಗಿನಕಾಯಿ ಚೀಲ ಹೊತ್ತುಕೊಂಡು. ಕಂಡಕ್ಟರ್ ರೈಟ್ ಅನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಒಂದು ತಲೆ ಈಚೆ ಬಂತು. ಒಂದು ಕೈಯಲ್ಲಿ ಪಕ್ಕದ ಸೀಟಿಗೆ ಹಾಸಿದ್ದ ಟವಲ್ಲನ್ನು ಒತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಆ ಸೀಟಿಗೆ ಕೂರಲು ಬಂದಿದ್ದ ಕಾಲೇಜು ಹುಡುಗನನ್ನು ತಳ್ಳುತ್ತಿದ್ದಳು. ಕೈ ಮುಗಿಯಲು ಅವಳಿಗೆ ಕೈ ಬಿಡುವಿರಲಿಲ್ಲ.

“ಅಮ್ಮೀ! ಓಡ್ ಬಾ! ಸೀಟ್ ಅದೆ!”

ಇಡೀ ಬಸ್ಸು ತಿರುಗಿ ನೋಡಿತು, ಯಾವ ಚಿಕ್ಕ ಹುಡುಗಿ ಬರುತ್ತಾಳೆ ಎಂದು.

“ಬಂದೆ ತಡಿ ಕಣವ್ವ!” ಎಂದು ಕೂಗಿದ ನಮ್ಮಜ್ಜಿ ತೆಂಗಿನಕಾಯಿ ಚೀಲವನ್ನು ನನ್ನ ಎದೆಗೆ ಎಸೆದು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡು, ಬಸರಾಳಿನ ರಸ್ತೆ ದಾಟಿ ಓಡಿದಳು.